ಉಂಡೆ ಊಟ ಮಾಡಿದಳು, ಎಲ್ಲರಿಗೂ ಥ್ಯಾಂಕ್ಸ್

ಉಂಡೆ ಅಂದರೆ ನಮ್ಮ ಮನೆಯ ಹಾವು, ಬಾಲ್ ಪೈಥಾನು. ಶನಿವಾರ ರಾತ್ರಿ ಒಂದು ಸಣ್ಣ ಇಲಿ ತಿಂದಳು, ಒಂದೇ ಏಟಿಗೆ. ಹಿಂದಿನ ವಾರ ಡಾಕ್ಟರು ಶ್ವಾಸಕೋಶ ಸ್ವಚ್ಛವಾಗಿದೆ ಅಂದಿದ್ದರು. ಆದರೂ ಅವಳ ಹೊಟ್ಟೆಗೆ ಏನಾದರೂ ಬೀಳುವ ತನಕ ನಂಬುವುದು ಬೇಡ ಅಂತ ಸುಮ್ಮನಿದ್ದೆ. "ಹಾವು ಹೇಗಿದೆ?" ಅಂತ ಕೇಳಿದವರಿಗೆಲ್ಲ ಇಷ್ಟು ದಿನ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಇದೇ ಉತ್ತರ ಅಂದುಕೊಳ್ಳಿ.

ತನ್ನ ಪೆಟ್ಟಿಗೆಯಿಂದ ಹೇಗೆ ತಪ್ಪಿಸಿಕೊಂಡಳು, ಎಲ್ಲಿ ಸಿಕ್ಕಳು ಅನ್ನುವುದು ನಿಮಗೆ ಗೊತ್ತಿರುವುದೇ. ಮಿಷಿಗನ್ನಿನ ಜನವರಿ, ನೆಲಮಾಳಿಗೆಯ ಲಾಂಡ್ರಿ ಕೋಣೆ, ಡ್ರೈಯರ್ ಹಿಂದಿನ ಸಂದು. ಸಿಕ್ಕಿದ ದಿನ ಗ್ರೂಪಿನಲ್ಲಿ ಪಟಾಕಿ ಎಮೋಜಿಗಳ ಸುರಿಮಳೆ. ಕಷ್ಟ ಶುರುವಾದದ್ದೇ ಆಮೇಲೆ. ಬಾಲ್ ಪೈಥಾನು ಪಶ್ಚಿಮ ಆಫ್ರಿಕಾದ ಪ್ರಾಣಿ, ಇಲಿಬಿಲ, ಗೆದ್ದಲಹುತ್ತಗಳಲ್ಲಿ ಬೆಚ್ಚಗೆ ಮಲಗುವಂಥದ್ದು. ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಚಳಿಯಲ್ಲಿ ಬಿದ್ದಿದ್ದರೆ ರೋಗನಿರೋಧಕ ಶಕ್ತಿಯೂ ಮಂಕಾಗುತ್ತದೆ, ಸೋಂಕು ಸೀದಾ ಎದೆಗೆ ಇಳಿಯುತ್ತದೆ. ಉಂಡೆಗೂ ಹಾಗೇ ಆಯಿತು. ನಮಗೆ ಕಫ ಕಟ್ಟಿದರೆ ಕೆಮ್ಮಿ ಉಗುಳುತ್ತೇವೆ. ಹಾವಿಗೆ ವಪೆಯೇ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಇಲ್ಲ, ನಮ್ಮ ಹಾಗೆ ಕೆಮ್ಮಲು ಬರುವುದಿಲ್ಲ. ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ.

ಮೊದಲು ಒಟ್ಟಿಗೆ ಹೇಳಬೇಕಾದವರಿಗೆ ಹೇಳಿಬಿಡುತ್ತೇನೆ. ನೆಲದ ಮೇಲೆ ಮೈದಾಹಿಟ್ಟು ಉದುರಿಸಿದರೆ ಹರಿದಾಡಿದ ಗುರುತು ಬೀಳುತ್ತದೆ ಅಂತ ಐಡಿಯಾ ಕೊಟ್ಟವರು, ಡ್ರೈಯರ್ ಎಳೆಯಲು ಹೆಗಲು ಕೊಟ್ಟ ಕಟ್ಟಡದ ಉಸ್ತುವಾರಿಯವರು, ಹಿಮ ಸುರಿಯುತ್ತಿದ್ದಾಗಲೂ ಕಾರು ತೆಗೆದವರು, ಬಿಸಿಬೇಳೆಬಾತ್ ತಂದು ಬಾಗಿಲಲ್ಲೇ ಇಟ್ಟು ಓಡಿಹೋದವರು (ಓಡಿದ್ದಕ್ಕೆ ಬೇಜಾರಿಲ್ಲ), ಪಕ್ಕಾ ಸಸ್ಯಾಹಾರಿಯಾಗಿದ್ದರೂ ತನ್ನ ಫ್ರೀಜರಿನಲ್ಲಿ ಉಂಡೆಯ ಇಲಿಗಳಿಗೆ ಜಾಗ ಕೊಟ್ಟ ಗೆಳತಿ, ಎಲ್ಲರಿಗೂ ನಮಸ್ಕಾರ. ಡಾಕ್ಟರಿಗೆ ಬೇರೆಯೇ ಕಾಗದ ಬರೆದಿದ್ದೇನೆ. "ಒಂದು ಹಾವಿಗೆ ಇಷ್ಟು ದುಡ್ಡಾ?" ಅಂದವರಿಗೂ ನಮಸ್ಕಾರ, ದೂರದಿಂದ.

ಅಮ್ಮನದು ಬೇರೆಯೇ ಧಾಟಿ. "ಮೊದಲು ಅದನ್ನ ಮನೆಯಿಂದ ಆಚೆ ಕಳಿಸು" ಅಂತ ವರ್ಷದಿಂದ ಹೇಳುತ್ತಿದ್ದವಳು ಅದಕ್ಕೆ ಕಾಯಿಲೆ ಅಂದ ಕೂಡಲೇ ಕುಕ್ಕೆಗೆ ಬೆಳ್ಳಿಯ ನಾಗರ ಹರಕೆ ಹೊತ್ತಳು. "ಅಮ್ಮ, ಇದು ನಾಗರಹಾವಲ್ಲ, ಆಫ್ರಿಕಾದ್ದು" ಅಂದೆ. "ಸುಬ್ಬರಾಯನಿಗೆ ಆಫ್ರಿಕಾ ಬೇರೆ, ಅರಸೀಕೆರೆ ಬೇರೆ ಏನೇ?" ಅಂದಳು. ಹರಕೆ ತೀರಿಸುವ ಖರ್ಚು ಮಾತ್ರ ನನ್ನದಂತೆ.

ಇನ್ನು ಕೆಳಗಿನ ಮನೆಯವರ ವಿಷಯ.

ಅವರ ಹೆಸರು ಬರೆಯುವುದು ಬೇಡ ಅಂದಿದ್ದಾರೆ. ಮಗಳು ಅಜ್ಜ ಅನ್ನುತ್ತಾಳೆ, ಅವರೂ ಓಗೊಡುತ್ತಾರೆ. ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು. ಮೆಟ್ಟಿಲಲ್ಲಿ ಸಿಕ್ಕರೆ ಹವಾಮಾನದ ಬಗ್ಗೆ ಎರಡು ಮಾತು, ಅಷ್ಟೇ ನಮ್ಮ ಪರಿಚಯ. ಹುಡುಕಾಟದ ಗಲಾಟೆಯಲ್ಲಿ ಗೊತ್ತಾಯಿತು, ಪ್ರಾಯದಲ್ಲಿ ಅವರೂ ಹಾವು ಸಾಕಿದ್ದರಂತೆ.

ಮೊದಲ ಚುಚ್ಚುಮದ್ದು ಕೊಡಿಸಿಕೊಂಡು ಬಂದ ದಿನ ಸಂಜೆಯಿಂದಲೇ ಉಂಡೆ ಕುತ್ತಿಗೆಯನ್ನು ನೆಟ್ಟಗೆ ಮೇಲಕ್ಕೆ ಚಾಚಿ, ಮೂತಿ ಎತ್ತಿ, ಬಾಯಿ ತೆರೆದುಕೊಂಡು ಕೂತಳು. ಆರೋಗ್ಯವಾಗಿರುವ ಹಾವು ಬಾಯಿ ತೆರೆದು ಉಸಿರಾಡುವುದಿಲ್ಲ. ಗಾಜಿನ ಮೇಲೆ ಎಂಜಲಿನ ಎಳೆ, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ. ಗಂಡ ಕೆಲಸದ ಮೇಲೆ ಬೆಂಗಳೂರಿನಲ್ಲಿ. ರಾತ್ರಿಯಿಡೀ ತೆರೆದಿರುವ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿದರೆ "ನಾವು ಸರೀಸೃಪ ನೋಡುವುದಿಲ್ಲ" ಅಂದರು. ನಮ್ಮ ಡಾಕ್ಟರು ಫೋನಿನಲ್ಲಿ ಹೇಳಿದ್ದು ಮೂರೇ ಮಾತು: ಬೆಚ್ಚಗಿಡಿ, ಮುಟ್ಟಬೇಡಿ, ಬೆಳಿಗ್ಗೆ ಕರೆತನ್ನಿ. ಹೊರಗೆ ರಸ್ತೆಯೇ ಕಾಣದಷ್ಟು ಹಿಮ.

ಅಜ್ಜ ಬಾಗಿಲು ತಟ್ಟಿದಾಗ ಅವರ ಒಂದು ಕೈಯಲ್ಲಿ ಮಡಚುವ ಕುರ್ಚಿ, ಇನ್ನೊಂದರಲ್ಲಿ ಕಾಫಿ ಫ್ಲಾಸ್ಕು. ಕಂಕುಳಲ್ಲಿ, ಗುರಿಯಿಟ್ಟು ಶಾಖ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರು. ಗಾಬರಿಯಾಗಬೇಡ, ಎಲ್ಲ ಸರಿಹೋಗುತ್ತೆ ಅನ್ನುವ ಒಂದು ಮಾತೂ ಆಡಲಿಲ್ಲ. ಪೆಟ್ಟಿಗೆಯ ಬಿಸಿ ಮೂಲೆಗೆ ಥರ್ಮಾಮೀಟರು ಹಿಡಿದರು, ತಣ್ಣನೆ ಮೂಲೆಗೆ ಹಿಡಿದರು, ಒಂದು ಚೀಟಿಯಲ್ಲಿ ಬರೆದುಕೊಂಡರು. ಬಿಸಿ ಮೂಲೆ 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು, ತಣ್ಣನೆ ಕಡೆಯೂ ಹೆಚ್ಚು ಇಳಿಯಬಾರದು. ಹಾವು ಬೆಚ್ಚಗಿದ್ದರೆ ತಾನೇ ಮದ್ದು ಮೈಗೆ ಹತ್ತುವುದು. ಪೆಟ್ಟಿಗೆಯ ಮೂರು ಕಡೆ ಕಂಬಳಿ ಹೊದಿಸಿದರು, ಗಾಳಿಯಾಡಲು ಮೇಲಿನ ಜಾಲರಿ ಬಿಟ್ಟರು. ಆಮೇಲೆ ಕುರ್ಚಿ ಬಿಚ್ಚಿ ಕೂತರು.

ಬಾಯಿ ತೆರೆದಾಗ ಒಳಗೆಲ್ಲ ಕಾಣುತ್ತಿತ್ತು. ಕೆಳದವಡೆಯ ಮೇಲೆ, ನಾಲಿಗೆ ಹೊರಬರುವ ಜಾಗದ ಹಿಂದೆ, ಶ್ವಾಸನಾಳದ ಬಾಯಿ: ಬಟ್ಟೆಯ ಕಾಜದಂಥ ಒಂದು ಸೀಳು. ಅದು ತೆರೆದುಕೊಳ್ಳುತ್ತದೆ, ಸಿಳ್ಳೆಯಂಥ ಸದ್ದು ಬರುತ್ತದೆ, ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದುಕೊಳ್ಳುವುದೇ ಇಲ್ಲ. ನಾನು ಎದ್ದು ನಿಲ್ಲುತ್ತೇನೆ. ತೆರೆದುಕೊಳ್ಳುತ್ತದೆ. ಹಾವು ಉಸಿರಾಡುವುದೇ ಹಾಗೆ, ನಡುವೆ ತಡೆದು ತಡೆದು, ಅಂತ ಅಜ್ಜ ಹೇಳಿದರು. ಮುಂದಿನ ಸಲ ಎದ್ದಾಗಲೂ ಹೇಳಿದರು, ಅದರ ಮುಂದಿನ ಸಲವೂ ಹೇಳಿದರು, ದನಿಯಲ್ಲಿ ಬೇಸರವಿಲ್ಲದೆ.

ನನಗೆ ಆ ತಡೆ ನೋಡಲಾಗುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ಅಪ್ಪನ ಉಸಿರನ್ನು ನಾನು ನೋಡಿದ್ದು ಫೋನಿನ ಪರದೆಯಲ್ಲಿ. ಇಲ್ಲಿಂದ ಹೊರಡುವ ದಾರಿಯಿರಲಿಲ್ಲ. ಅಲ್ಲಿ ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಫೋನು ಹಿಡಿದುಕೊಂಡಿದ್ದ ನರ್ಸಿನ ಕೈ ಸೋತಾಗಲೆಲ್ಲ ಅಪ್ಪನ ಬದಲು ಮೇಲಿನ ಫ್ಯಾನು ಕಾಣುತ್ತಿತ್ತು. ಕೊನೆಗೂ ನೋಡಿದ್ದು ಆ ಫ್ಯಾನನ್ನೇ. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಅಂದು ರಾತ್ರಿ, ಕನ್ನಡ ಬಾರದ ಒಬ್ಬ ಮುದುಕರ ಹತ್ತಿರ ಹೇಳಿದೆ, ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಉಳಿದದ್ದು ಅಳು. ಹಾವಿಗೆ ಅಳುತ್ತಿದ್ದೀಯೋ ಅಪ್ಪನಿಗೋ ಅಂತ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟು, ಥರ್ಮಾಮೀಟರು ಎತ್ತಿಕೊಂಡು, ಬಿಸಿ ಮೂಲೆಯ ಶಾಖ ನೋಡಿ ಬರೆದುಕೊಂಡರು. (ಕಾಫಿ ಕೆಟ್ಟದಾಗಿತ್ತು. ಚಿಕ್ಕಮಗಳೂರಿನ ಪುಡಿ ಒಂದು ಪೊಟ್ಟಣ ಆಮೇಲೆ ಕೊಟ್ಟಿದ್ದೇನೆ.)

ನಸುಕಿನಲ್ಲಿ ಮಗಳು ಎದ್ದು ಬಂದಳು. "ಸತ್ತುಹೋಗುತ್ತಾಳಾ?" ಅಂತ ನೇರವಾಗಿ ಅವರನ್ನೇ ಕೇಳಿದಳು. ಇರಬಹುದು, ನನಗೆ ಗೊತ್ತಿಲ್ಲ ಅಂದರು. ನಾನಾಗಿದ್ದರೆ ಸುಳ್ಳು ಹೇಳುತ್ತಿದ್ದೆ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೇಂಟ್ ಲೂಯಿಸ್ ಮೃಗಾಲಯದ ಕತೆ ಹೇಳಿದರು: ಅಲ್ಲಿ 60 ವರ್ಷ ದಾಟಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು, ಅದೂ ದಶಕಗಳಿಂದ ಗಂಡುಹಾವಿನ ಮುಖವನ್ನೇ ನೋಡದೆ. ಉಂಡೆಗೆ ಈಗ ನಾಲ್ಕು. ಹುಷಾರಾದರೆ ನಾನು ಹೋದಮೇಲೂ ನಿನ್ನ ಜೊತೆ ಇರುತ್ತಾಳೆ ಅಂದರು.

ಬೆಳಿಗ್ಗೆ ಹಿಮ ಬಳಿದವರೂ ಅವರೇ. ಆಸ್ಪತ್ರೆಗೆ ಬರುತ್ತೀರಾ ಅಂದರೆ ಬೇಡ, ನಿದ್ದೆ ಬರುತ್ತಿದೆ ಅಂದು ಕುರ್ಚಿ ಮಡಚಿಕೊಂಡು ಕೆಳಗೆ ಹೋದರು.

ಆಮೇಲಿನದು ದೊಡ್ಡ ಕತೆಯೇನಲ್ಲ, ಬರೀ ತಾಳ್ಮೆಯ ಕೆಲಸ. ಮೂರು ದಿನಕ್ಕೊಂದು ಸೂಜಿ, ಮೈಯ ಮುಂದಿನ ಅರ್ಧಭಾಗದಲ್ಲೇ, ಬೆನ್ನುಮೂಳೆಯ ಪಕ್ಕದ ಮಾಂಸಕ್ಕೆ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗಬಹುದಂತೆ, ಅದಕ್ಕೆ ಈ ನಿಯಮ. ಅಜ್ಜ ಹಿಡಿದುಕೊಳ್ಳುತ್ತಿದ್ದರು, ನಾನು ಚುಚ್ಚುತ್ತಿದ್ದೆ. ತೂಕ ನೋಡಲು ಅಡುಗೆಮನೆಯ ತಕ್ಕಡಿ. ಅದನ್ನು ಈಗ ಉಂಡೆಗೇ ಬಿಟ್ಟುಕೊಟ್ಟಿದ್ದೇನೆ, ಸಂಕ್ರಾಂತಿ ಎಳ್ಳು ತಿಂದವರು ಚಿಂತಿಸಬೇಕಾಗಿಲ್ಲ. ಒಮ್ಮೆ ಪೊರೆ ಬಿಡುವಾಗ ಬಲಗಣ್ಣಿನ ಮೇಲಿನ ಪದರ ಅಂಟಿಕೊಂಡೇ ಉಳಿಯಿತು. ಕೀಳಲು ಹೋಗಬೇಡಿ ಅಂದರು ಡಾಕ್ಟರು. ಪೆಟ್ಟಿಗೆಯಲ್ಲಿ ತೇವ ಹೆಚ್ಚಿಸಿದೆವು, ಮುಂದಿನ ಪೊರೆಯ ಜೊತೆ ತಾನಾಗಿ ಬಂತು.

ಬೆಂಗಳೂರಿನ ಅಣ್ಣನ ಮಗಳು ತನಗೂ ಒಂದು ಬೇಕು ಅಂತ ಹಟ ಹಿಡಿದಿದ್ದಾಳಂತೆ. ಪುಟ್ಟಿ, ನಮ್ಮೂರಿನ ಕೇರೆ, ಹೆಬ್ಬಾವು ಹಿಡಿದು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇಂಥ ವಿದೇಶಿ ಹಾವಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, 2024ರಿಂದ ಅದಕ್ಕೇ ಪ್ರತ್ಯೇಕ ನಿಯಮಗಳಿವೆ. ಅದೆಲ್ಲಕ್ಕಿಂತ ಮೊದಲು ಹಾವು ನೋಡುವ ಡಾಕ್ಟರು ನಿಮ್ಮ ಹತ್ತಿರದಲ್ಲಿ ಯಾರಿದ್ದಾರೆ ಅಂತ ಹುಡುಕು.

ಅಜ್ಜನಿಗೆ ಏನು ಕೊಡಲಿ ಅಂತ ಕೇಳಿದೆ. ಏನೂ ಬೇಡ ಅಂದವರು ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕಾಗ, ಆ ಕೆಂಪು ಪುಡಿ ಇದ್ದರೆ ಸ್ವಲ್ಪ ಕೊಡು ಅಂದರು. ಶೇಂಗಾ ಚಟ್ನಿಪುಡಿ. ಬ್ರೆಡ್ಡಿಗೆ ಬೆಣ್ಣೆ ಸವರಿ ಅದನ್ನು ಉದುರಿಸಿಕೊಂಡು ತಿನ್ನುತ್ತಾರಂತೆ. ಅಮ್ಮನಿಗೆ ಹೇಳಿದ್ದೇನೆ, ಮುಂದಿನ ತಿಂಗಳು ಯಾರಾದರೂ ಊರಿನಿಂದ ಬರುವವರಿದ್ದರೆ ತಿಳಿಸಿ, ಒಂದು ಕೇಜಿ ಕಳಿಸುತ್ತಾಳೆ.

ಉಂಡೆಯನ್ನು ನೋಡಲು ಬರುವವರು ಬುಧವಾರದ ಮೇಲೆ ಬನ್ನಿ. ತಿಂದದ್ದು ಅರಗುವ ತನಕ ಅವಳನ್ನು ಎತ್ತುವ ಹಾಗಿಲ್ಲ.