ಬಚ್ಚಲುಮನೆ ಬಲ್ಬಿಗಿಂತ ಸಣ್ಣ ರೇಡಿಯೊಗೆ ಎಷ್ಟು ಕಾಗದ?

ಮಾನ್ಯ ಸಂಪಾದಕರೇ,

ಊರಿನವರೇ ನಡೆಸುವ ಸಮುದಾಯ ರೇಡಿಯೊಗಾಗಿ ನಮ್ಮ ರೈತರ ಸಂಘ ಹಾಕಿದ್ದ ಅರ್ಜಿ ವಾಪಸ್ ಬಂದದ್ದನ್ನು ಸೋಮವಾರ ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ಕಾರಣ ಬರೆದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಆಂಟೆನಾ ನಿಲ್ಲಿಸುವ ಗುಡ್ಡದ ಅಕ್ಷಾಂಶ, ರೇಖಾಂಶಗಳನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಬರೆಯದೆ ದಶಮಾಂಶದಲ್ಲಿ ಬರೆದಿದ್ದೇವಂತೆ! ಗುಡ್ಡವೇನೋ ಇದ್ದಲ್ಲೇ ಇದೆ.

ನಿನ್ನೆ ಅದನ್ನು ಸರಿಪಡಿಸಲು ಹೊರಟೆ. ಕೆರೆ ಏರಿಯ ಹೊಂಡದಲ್ಲಿ ಬಸ್ ಕೆಟ್ಟು ನಿಂತಿತು. ನೋಟರಿ ಊಟಕ್ಕೆ ಹೋಗಿದ್ದರು. ಅವರು ಬಂದಾಗ ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿಲ್ಲ, ಕರೆಂಟ್ ಬಂದಾಗ ಕಚೇರಿಯಲ್ಲಿ ಸರ್ವರ್ ಇಲ್ಲ. ಸಂಜೆ ಮನೆಗೆ ಬಂದರೆ ಹಸು ಹಾಲು ಕೊಡಲಿಲ್ಲ. ಅದರ ಕೋಪ ನ್ಯಾಯವಾದದ್ದೇ.

ನಾವು ಕೇಳಿದ್ದು 50 ವಾಟ್ ಟ್ರಾನ್ಸ್‌ಮಿಟರ್. ನಮ್ಮಪ್ಪನ ಕಾಲದ ಬಚ್ಚಲುಮನೆಯಲ್ಲಿ 60 ವಾಟ್ ಬಲ್ಬಿತ್ತು, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿರಲಿಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್‌ನಲ್ಲಿ ‘ಆಕಾಶವಾಣಿ’ ಎಂಬ ಸ್ವಂತ ರೇಡಿಯೊ ಕೇಂದ್ರ ಆರಂಭಿಸಿದರು. ಇಂದಾಗಿದ್ದರೆ ಅವರೂ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿರುತ್ತಿದ್ದರು.

ರೇಡಿಯೊ ದನಿ ಸಾಗುವ ತರಂಗಾಂತರ ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆ ಸಾರ್ವಜನಿಕರು ಯಾರು ಎಂಬುದು ಮಾತ್ರ ನಮಗಿನ್ನೂ ತಿಳಿದಿಲ್ಲ. ದುಡ್ಡಿದ್ದವರಿಗೆ ಹರಾಜು, ಇಲ್ಲದವರಿಗೆ ಅಲೆದಾಟ. 234 ಊರುಗಳ 730 ಎಫ್‌ಎಂ ವಾಹಿನಿಗಳಿಗೆ 784.87 ಕೋಟಿ ರೂಪಾಯಿ ಮೀಸಲು ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ, ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆ 87ರವರೆಗೂ ಲೆಕ್ಕ ಹಾಕಬಲ್ಲವರಿಗೆ ದಶಮಾಂಶವೆಂದರೆ ಅರ್ಥವಾಗುವುದಿಲ್ಲವೇ? ಅಷ್ಟು ದುಡ್ಡು ಸುರಿದವರೂ ಸ್ವಂತ ಸುದ್ದಿ ಓದುವಂತಿಲ್ಲ, ಸುದ್ದಿ ಬೇಕೆಂದರೆ ಸರ್ಕಾರಿ ಆಕಾಶವಾಣಿಯದನ್ನೇ ಮರುಪ್ರಸಾರ ಮಾಡಬೇಕು. ನಮಗೂ ಅದೇ ಕಟ್ಟಳೆ. ಟಿವಿಯವರು ಮಾತ್ರ ಇಡೀ ದಿನ ಕಿರುಚಬಹುದು.

ಇದೇ ಅಧಿಕಾರಿ ವರ್ಗ ನನ್ನ ಪಹಣಿಯಲ್ಲಿ ತಾತನ ಹೆಸರನ್ನು ತಪ್ಪಾಗಿ ಬರೆದು ಹನ್ನೊಂದು ವರ್ಷವಾಯಿತು. ಬೀದಿದೀಪದ ಮಾತು ಎತ್ತುವುದೇ ಬೇಡ, ಅದು ಹಗಲು ಚೆನ್ನಾಗಿ ಉರಿಯುತ್ತಿದೆ.

ತರಂಗಾಂತರ ಹಂಚುವ ಪದ್ಧತಿಯನ್ನೇ ಬುಡಸಮೇತ ಬದಲಿಸಬೇಕು. ಆಗದಿದ್ದರೆ ಅರ್ಜಿಯಲ್ಲಿ ಡಿಗ್ರಿ ಎಲ್ಲಿ ಬರೆಯಬೇಕೆಂದಾದರೂ ಮೊದಲೇ ಅಚ್ಚು ಹಾಕಿಸಲಿ. ಅದೂ ಆಗದಿದ್ದರೆ ದೆಹಲಿಯಲ್ಲಿ ಕುಳಿತವರು ಒಮ್ಮೆ ಬಂದು ನಮ್ಮ ಗುಡ್ಡ ಹತ್ತಲಿ, ಕೆರೆ ಏರಿಯ ಬಸ್ಸಿನಲ್ಲೇ ಬರಲಿ.

— ಮೂರನೇ ಬಾರಿ ಅರ್ಜಿ ತುಂಬುತ್ತಿರುವ ಸಂಘದ ಕಾರ್ಯದರ್ಶಿ