ಹಿಂದಿನ ಸಾಲಿನ ಸುಖ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನಮ್ಮ ಕನ್ನಡ ಬಳಗ ಮಾಡಿದ ಈ ಸಲದ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ನಾಡಗೀತೆಯ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬರದೆ ತಪ್ಪಿಸಿಕೊಂಡವರಿಗಾಗಿ ಹೇಳುತ್ತೇನೆ. ವೇದಿಕೆಯ ಮೇಲೆ ಹನ್ನೊಂದು ಜನ, ಮೈಕ್ ಎರಡು. ಮೊದಲ ಸಾಲನ್ನು ಹೇಗೋ ಎತ್ತಿಕೊಂಡೆವು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಆರು ಜನ ಮೈಸೂರು ಅನಂತಸ್ವಾಮಿ ಧಾಟಿಯಲ್ಲಿದ್ದರು, ನಾಲ್ಕು ಜನ ಸಿ. ಅಶ್ವತ್ಥ್ ಧಾಟಿಯಲ್ಲಿದ್ದರು. ಹನ್ನೊಂದನೆಯವನು ನಾನು. ನಾನು ಎಲ್ಲಿದ್ದೆ ಅನ್ನುವುದು ಇವತ್ತಿಗೂ ಪತ್ತೆಯಾಗಿಲ್ಲ. ಸಭೆಯಲ್ಲಿ ಎದ್ದು ನಿಂತಿದ್ದವರು ಪಾಪ, ಯಾರ ಹಿಂದೆ ಹೋಗುವುದು ಅಂತ ತಿಳಿಯದೆ ಮೆಲ್ಲಗೆ ಬಾಯಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಬಿದ್ದು ಬಿದ್ದು ನಕ್ಕ.

ತಪ್ಪು ಯಾರದ್ದೂ ಅಲ್ಲ ಬಿಡಿ. ಕುವೆಂಪು ಅವರ ಪದ್ಯ ನಾಡಗೀತೆ ಆಗಿದ್ದು 2004ರ ಜನವರಿಯಲ್ಲಿ. ಧಾಟಿ ಇಂಥದ್ದೇ ಅಂತ ಸರ್ಕಾರ ಗಟ್ಟಿಯಾಗಿ ಹೇಳಿದ್ದು 2022ರ ಸೆಪ್ಟೆಂಬರಿನಲ್ಲಿ. ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಬೇಡ, ಸಾಲು ಮತ್ತೆ ಮತ್ತೆ ಹಾಡುವುದು ಬೇಡ. ಆಮೇಲೂ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ನಾವೋ, ಆ ಸುದ್ದಿಯೆಲ್ಲ ಬರುವ ಮೊದಲೇ ಊರು ಬಿಟ್ಟವರು. ಯಾರು ಯಾವ ವರ್ಷ ವಿಮಾನ ಹತ್ತಿದರೋ ಆ ವರ್ಷದ ಧಾಟಿಯನ್ನೇ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದಿದ್ದೇವೆ, ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ.

ಅದಾಗಿ ಎರಡು ವಾರಕ್ಕೆ ಶೆಫೀಲ್ಡ್ ಪಕ್ಕದ ಡಂಗ್‌ವರ್ತ್ ಅನ್ನುವ ಹಳ್ಳಿಗೆ ಹೋಗಿದ್ದೆ. ಆ ಕಡೆಯ ಹಳ್ಳಿಗಳಲ್ಲಿ ನವೆಂಬರ್ 11 ಕಳೆದ ಮೇಲಿನ ಭಾನುವಾರದಿಂದ ಕ್ರಿಸ್‌ಮಸ್ ಮಾರನೆಯ ದಿನದವರೆಗೆ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡುತ್ತಾರೆ. ಚರ್ಚಿನಲ್ಲಲ್ಲ, ಪಬ್ಬಿನಲ್ಲಿ. 19ನೇ ಶತಮಾನದಲ್ಲಿ ಚರ್ಚುಗಳಿಗೆ ಆರ್ಗನ್ ಬಂತು, ಹಳೆಯ ಹಾಡುಗಾರರಿಗೂ ಪಿಟೀಲಿನವರಿಗೂ ಜಾಗ ಇಲ್ಲದಂತಾಯಿತು, ಅವರು ತಮ್ಮ ಹಾಡು ಎತ್ತಿಕೊಂಡು ಪಬ್ಬಿಗೆ ನಡೆದರು. ಅಲ್ಲಿಯವರು ಹೇಳುವ ಕಥೆ ಇದು. ನಾನು ಹೋದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಪ್ರೊಗ್ರಾಂ ಶೀಟಿಲ್ಲ, ಮೈಕಿಲ್ಲ, ಮುಖ್ಯ ಅತಿಥಿ ಇಲ್ಲ. ಕೈಯಲ್ಲಿ ಲೋಟ ಹಿಡಿದ ನೂರು ಜನ ಒಟ್ಟಿಗೆ ಬಾಯಿ ಬಿಟ್ಟರೆ ಕಿಟಕಿಯ ಗಾಜು ಅದುರುತ್ತದೆ.

ಕುರುಬರು ರಾತ್ರಿ ಕುರಿ ಕಾಯುತ್ತಿದ್ದ ಕಥೆಯ ಹಾಡೊಂದಿದೆ. ಮಾತು ಒಂದೇ, ಧಾಟಿ ಹತ್ತಾರು. ಒಂದೇ ಮಧ್ಯಾಹ್ನ ಅದನ್ನೇ ಮೂರು ಧಾಟಿಯಲ್ಲಿ ಹಾಡಿದರು. ಯಾರೂ ಕೋರ್ಟಿಗೆ ಹೋಗಲಿಲ್ಲ. ಆ ಹಾಡಿಗಿರುವ ಒಂದು ಧಾಟಿಯ ಹೆಸರು ಕ್ರಾನ್‌ಬ್ರೂಕ್. ಅದನ್ನು ಕಟ್ಟಿದವರು ಥಾಮಸ್ ಕ್ಲಾರ್ಕ್, ಕ್ಯಾಂಟರ್ಬರಿಯಲ್ಲಿ ಬೂಟು ಹೊಲಿಯುತ್ತಿದ್ದವರು. ಈಗ ಅದೇ ಧಾಟಿಯಲ್ಲಿ ನಮ್ಮ ಯಾರ್ಕ್‌ಷೈರಿನ ಜನ ಇಲ್ಕ್ಲಿ ಗುಡ್ಡದ ಹಾಡು ಹಾಡುತ್ತಾರೆ. ಟೋಪಿ ಇಲ್ಲದೆ ಗುಡ್ಡಕ್ಕೆ ಹೋದರೆ ಶೀತ ಆಗುತ್ತದೆ, ಶೀತ ಆದರೆ ಸಾಯುತ್ತೀಯ, ಅನ್ನುವುದು ಆ ಹಾಡಿನ ಸಾರ. ನಮ್ಮಮ್ಮನೇ ಬರೆದದ್ದೇನೋ ಅನ್ನಿಸುತ್ತದೆ. ಮಫ್ಲರ್ ಒಂದು ಸೇರಿಸಿದ್ದರೆ ಮುಗಿಯಿತು. ನಾವು ಸಿನಿಮಾ ಧಾಟಿ ತಂದು ದೇವರನಾಮಕ್ಕೆ ಹಾಕುತ್ತೇವಲ್ಲ, ಇವರು ದೇವರ ಹಾಡಿನ ಧಾಟಿ ತೆಗೆದು ಶೀತ ನೆಗಡಿಗೆ ಹಾಕಿದ್ದಾರೆ.

ಅಲ್ಲಿ ನಿಂತಿದ್ದಾಗ ನಮ್ಮೂರಿನ ಧನುರ್ಮಾಸ ನೆನಪಾಯಿತು. ಬೆಳಗಿನ ಜಾವದ ಚಳಿ, ದೇವಸ್ಥಾನದ ಭಜನೆ. ಅರ್ಧ ಜನ ಹುಗ್ಗಿಗೆ ಬಂದವರು, ಆದರೂ ಹಾಡುತ್ತಿದ್ದರು. ಯಾರ ಕಂಠ ಹೇಗಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನನ್ನ ಕಂಠದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾಲ್ಕನೇ ಕ್ಲಾಸಿನಲ್ಲಿ ಸಮೂಹಗಾನಕ್ಕೆ ಹೆಸರು ಕೊಟ್ಟಿದ್ದೆ. ಎರಡು ದಿನ ಕೇಳಿದ ಮೇಲೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬಾಯಿ ಆಡಿಸು ಸಾಕು ಮರಿ, ಸೌಂಡ್ ಬೇಡ" ಅಂದರು. ಸುಮಾರು ನಲವತ್ತು ವರ್ಷ ಆ ಮಾತನ್ನು ಪಾಲಿಸಿದೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಕೈಲಿ ಒಂದು ಹಾಡು ಹೇಳಿಸುತ್ತಿದ್ದರು. ಹುಡುಗನ ಕೈಲಿ ಹಾಡಿಸುವ ಪದ್ಧತಿ ಇದ್ದಿದ್ದರೆ ನಾನು ಇವತ್ತಿಗೂ ಬ್ರಹ್ಮಚಾರಿ.

2018ರಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ, ರಿಟೈರ್ ಆದ ಬಸ್ ಡ್ರೈವರ್, ಒಂದು ಮಂಗಳವಾರ ಸಂಜೆ ನನ್ನನ್ನು ತಮ್ಮ ಹಾಡಿನ ಗುಂಪಿಗೆ ಎಳೆದುಕೊಂಡು ಹೋದರು. ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲು. ಮೂವತ್ತೈದು ಜನ, ಟೀ, ಬಿಸ್ಕತ್ತು. ಆಡಿಷನ್ ಇಲ್ಲ. ನೊಟೇಷನ್ ಓದಲು ಬರಬೇಕಾಗಿಲ್ಲ. ಹಾಡಿಸುವ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಎತ್ತರದ ದನಿಯೋ ಕೆಳಗಿನ ದನಿಯೋ, ಲವ್?" ಈ ಊರಿಗೆ ಹೊಸದಾಗಿ ಬಂದವರಿಗೆ ಒಂದು ಮಾತು: ಇಲ್ಲಿ ಎಲ್ಲರನ್ನೂ 'ಲವ್' ಅನ್ನುತ್ತಾರೆ, ಬಸ್ ಕಂಡಕ್ಟರ್ 'ಸ್ವಾಮಿ' ಅಂದ ಹಾಗೆ. ಗಾಬರಿ ಬೇಡ. ನಾನು ಗೊತ್ತಿಲ್ಲ ಅಂದೆ. ಕೆಳಗಿನ ದನಿಯವರ ಗುಂಪಿಗೆ, ಅಂದರೆ ಬೇಸ್‌ಗೆ, ಹಿಂದಿನ ಸಾಲಿಗೆ ಕಳಿಸಿದರು. ಇಂಥ ಗುಂಪುಗಳಲ್ಲಿ ಗಂಡಸರಿಗೆ ಯಾವಾಗಲೂ ಬರ. ಗಂಡು ಅನ್ನುವ ಒಂದೇ ಯೋಗ್ಯತೆಯ ಮೇಲೆ ಸೀಟು ಸಿಕ್ಕಿತು.

ಮೊದಲ ಹತ್ತು ನಿಮಿಷ ಹಾಡೇ ಇಲ್ಲ. ತುಟಿ ಅದುರಿಸಿ ಮಕ್ಕಳು ಬಸ್ ಓಡಿಸುವ ಹಾಗೆ 'ಬುರ್‍ರ್' ಅನ್ನಬೇಕು. ಆಂಬುಲೆನ್ಸಿನ ಹಾಗೆ ದನಿ ಮೇಲಿಂದ ಕೆಳಗೆ ತರಬೇಕು. ಬ್ಯಾಂಕ್ ಮ್ಯಾನೇಜರ್, ನರ್ಸು, ಕಟುಕ ಅಂಗಡಿಯವನು ಎಲ್ಲರೂ ಒಟ್ಟಿಗೆ ಬಸ್ ಓಡಿಸಿದ ಮೇಲೆ ಯಾರಿಗೆ ನಾಚಿಕೆ ಉಳಿಯುತ್ತದೆ ಹೇಳಿ.

ಕಷ್ಟ ಶುರುವಾಗಿದ್ದು ಆಮೇಲೆ. ನಮ್ಮ ಕಿವಿಗೆ ಅಭ್ಯಾಸ ಆಗಿರುವುದು ಎಲ್ಲರೂ ಒಂದೇ ಸ್ವರ ಹಿಡಿಯುವುದು. ಹತ್ತು ಜನ ಹಾಡಲಿ, ನೂರು ಜನ ಹಾಡಲಿ, ಹೆಂಗಸರು ಒಂದು ಸ್ಥಾಯಿ ಮೇಲೆ ಹಾಡಬಹುದು, ಅಷ್ಟೇ. ಇಲ್ಲಿ ಹಾಗಲ್ಲ. ಎತ್ತರದ ದನಿಯಿಂದ ಕೆಳಗಿನ ದನಿಯವರೆಗೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ಗುಂಪು. ಮಾತು ಒಂದೇ ಆದರೂ ನಾಲ್ಕಕ್ಕೂ ಬೇರೆ ಬೇರೆ ಸ್ವರ. ನಮಗೆ ಹಾಡು ಅಂದರೆ ಮೇಲೆ ಕೇಳುವ ಧಾಟಿ ತಾನೇ? ಅದು ಸೊಪ್ರಾನೊ ಹೆಂಗಸರ ಕೈಲಿರುತ್ತದೆ. ನನ್ನ ಕಿವಿ ಆ ಕಡೆಗೇ ಜಾರುತ್ತಿತ್ತು, ದನಿ ಅದರ ಹಿಂದೆ ಹೋಗುತ್ತಿತ್ತು. ಕಳೆದುಹೋದ ಕರು ಸಿಕ್ಕಿದ ಹಸುವಿನ ಹಿಂದೆಲ್ಲ ಹೋಗುವುದಿಲ್ಲವೇ, ಹಾಗೆ. ಡ್ರೈವರ್ ಅಜ್ಜ ಪ್ರತಿ ಸಲ ಮೊಣಕೈಯಿಂದ ತಿವಿದು ವಾಪಸ್ ಕರೆದುಕೊಂಡು ಬರುತ್ತಿದ್ದರು.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಮಂಗಳವಾರ, ಹೊರಗೆ ಮಳೆ, ಹಾಡಿನ ಕೊನೆಯಲ್ಲಿ ಒಂದು ಉದ್ದನೆಯ ಸ್ವರ. ನನ್ನ ಸ್ವರದ ಮೇಲೆ ನಾನು ನಿಂತಿದ್ದೆ, ಜಾರಲಿಲ್ಲ. ಅದರ ಮೇಲೆ ಟೆನರ್ ಕೂತಿತು, ಆಲ್ಟೊ ಕೂತಿತು, ಸೊಪ್ರಾನೊ ಕೂತಿತು. ಇದ್ದಕ್ಕಿದ್ದಂತೆ ಮರದ ನೆಲ ಕಾಲ ಕೆಳಗೆ ಗುಂಯ್ ಅಂದಿತು. ತಂಬೂರಿಯ ಬುರುಡೆಗೆ ಕಿವಿ ಇಟ್ಟರೆ ಕೇಳುತ್ತದಲ್ಲ, ಆ ಶಬ್ದ. ನನ್ನ ದನಿ ನನಗೆ ಕೇಳಿಸುತ್ತಿರಲಿಲ್ಲ. ಆದರೆ ನಾನು ನಿಲ್ಲಿಸಿದರೆ ಏನೋ ಕಮ್ಮಿಯಾಗುತ್ತದೆ ಅನ್ನುವುದು ಗೊತ್ತಾಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹನ್ನೆರಡು ವರ್ಷ ಸಂಗೀತ ಕಲಿತವಳು. "ಅದಕ್ಕೆ ಶ್ರುತಿ ಸೇರೋದು ಅಂತಾರೆ, ಇಷ್ಟು ದಿನ ಬೇಕಾಯ್ತಾ?" ಅಂದಳು.

ಆ ಉದ್ದನೆಯ ಸ್ವರದ ಗುಟ್ಟು ಬೇರೆಯೇ ಇದೆ. ಒಬ್ಬರಿಗೂ ಅಷ್ಟು ಉಸಿರು ಇರುವುದಿಲ್ಲ. ಪಕ್ಕದವರು ಉಸಿರು ಎಳೆದುಕೊಳ್ಳುವಾಗ ನೀವು ಎಳೆದುಕೊಳ್ಳಬಾರದು, ಅಷ್ಟೇ ನಿಯಮ. ಒಬ್ಬೊಬ್ಬರು ಒಂದೊಂದು ಕಡೆ ಕದ್ದು ಉಸಿರಾಡುತ್ತಾರೆ, ಕೇಳುವವರಿಗೆ ದನಿ ಕಡಿಯುವುದೇ ಇಲ್ಲ. ಶ್ರುತಿಪೆಟ್ಟಿಗೆಯಲ್ಲಿ ತಿದಿ ಮಾಡುವ ಕೆಲಸವನ್ನು ಮೂವತ್ತೈದು ಜನ ಹಂಚಿಕೊಂಡ ಹಾಗೆ.

ನಾಲ್ಕು ದನಿಯಲ್ಲಿ ಹಾಡುವುದು ಕನ್ನಡಿಗರಿಗೆ ಹೊಸದು ಅಂತ ನಾನು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ. ನಮ್ಮ ಬಳಗದ ಮಂಗಳೂರಿನ ಹಿರಿಯರೊಬ್ಬರು ನನ್ನ ಬಾಯಿ ಮುಚ್ಚಿಸಿದರು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಿಘಂಟಿನ ಕಿಟ್ಟೆಲ್ ಕೂಡ ಅದೇ ಮಿಷನ್ನಿನವರು, ಕನ್ನಡದಲ್ಲಿ ಪ್ರಾರ್ಥನಾಗೀತೆಗಳನ್ನೂ ಬರೆದವರು. ಈ ಹಿರಿಯರು ಚಿಕ್ಕಂದಿನಿಂದ ಚರ್ಚಿನಲ್ಲಿ ಅಪ್ಪನ ಪಕ್ಕ ನಿಂತು ಕನ್ನಡದಲ್ಲೇ ಬೇಸ್ ಹಾಡಿ ಬೆಳೆದವರಂತೆ. "ನೀವು ಮೈಸೂರಿನವರು ಕರಾವಳಿ ಕಡೆ ಒಮ್ಮೆ ನೋಡುವುದು ಒಳ್ಳೆಯದು ಮಾರಾಯ್ರೆ" ಅಂದರು. ಒಪ್ಪಿಕೊಂಡೆ.

ಇನ್ನು ಗುಂಪಾಗಿ ಹಾಡುವುದಂತೂ ನಮ್ಮ ಮನೆಯದೇ ಆಸ್ತಿ. ಸೋಬಾನೆಯಲ್ಲಿ ಒಂದು ಗುಂಪು ಸಾಲು ಹೇಳುತ್ತದೆ, ಇನ್ನೊಂದು ಗುಂಪು ಅದನ್ನು ಎತ್ತಿಕೊಳ್ಳುತ್ತದೆ. ಗೀಗೀ ಪದದಲ್ಲಿ ದಪ್ಪು ಹಿಡಿದ ಮುಖ್ಯ ಹಾಡುಗಾರನಿಗೆ ತುಂತುಣಿಯ ಹಿಮ್ಮೇಳ 'ಗೀಯ ಗಾ' ಅಂತ ದನಿ ಕೊಡದಿದ್ದರೆ ಅದಕ್ಕೆ ಆ ಹೆಸರೇ ಇಲ್ಲ. ಮಾದಪ್ಪನ ಕಥೆ ಹೇಳುವ ಕಂಸಾಳೆಯವರ ಜೊತೆ ಸೊಲ್ಲು ಹಿಡಿಯುವವರು ಇಲ್ಲದಿದ್ದರೆ ಕಥೆ ರಾತ್ರಿಯಿಡೀ ಸಾಗುವುದು ಹೇಗೆ? ನಮ್ಮಜ್ಜಿ ಊರಿನ ಮದುವೆಗಳಲ್ಲೆಲ್ಲ ಹಾಡುತ್ತಿದ್ದಳು. ಅವಳ ಕಂಠ ನನ್ನದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಚೆನ್ನಾಗಿರಲಿಲ್ಲ. ಅವಳನ್ನು ಯಾರೂ ಪಕ್ಕಕ್ಕೆ ಕರೆಯಲಿಲ್ಲ.

ಈಗ ನಮ್ಮ ಕಾರ್ಯಕ್ರಮಗಳನ್ನು ನೋಡಿ. ಚೆನ್ನಾಗಿ ಹಾಡುವ ನಾಲ್ಕು ಜನ ವೇದಿಕೆ ಮೇಲೆ, ಟ್ರ್ಯಾಕ್ ಹಾಕಿಕೊಂಡು. ಉಳಿದ ಇನ್ನೂರು ಜನ ಕೆಳಗೆ, ಫೋನ್ ಹಿಡಿದುಕೊಂಡು. ಮಕ್ಕಳಿಗೆ ಗಾಯನ ಸ್ಪರ್ಧೆ, ಮೂರು ಬಹುಮಾನ, ಬಾಕಿ ಹದಿನೇಳು ಮಕ್ಕಳಿಗೆ ಸಮಾಧಾನದ ಪೆನ್ಸಿಲ್. ಹೀಗೆ ಮಾಡಿದ ಸಮಿತಿಯಲ್ಲಿ ನಾನೂ ಇದ್ದೆ, ಆದ್ದರಿಂದ ಬೈಯುವ ಹಕ್ಕು ನನಗಿದೆ.

ಇದರಲ್ಲಿ ಇನ್ನೊಂದು ವಿಷಯವೂ ಸೇರಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು ತಿಂಗಳ ಸಂಜೆ ತರಗತಿಗಳು: ಕೆಲವರಿಗೆ ಹಾಡು, ಕೆಲವರಿಗೆ ಕರಕುಶಲ, ಕೆಲವರಿಗೆ ಬರವಣಿಗೆ. ಕೊನೆಗೆ ಎಲ್ಲ ತರಗತಿಯವರೂ ತಮ್ಮತಮ್ಮಲ್ಲಿ ಹತ್ತಿರವಾದರು. ಆದರೆ ಹಾಡುವವರು ಬೇರೆಯವರಿಗಿಂತ ಬೇಗ ಹತ್ತಿರವಾದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಬ್ಬಗಳಿಗೆ ಬರುವ ಹೊಸ ಜೋಡಿಗಳು. ಮೂಲೆಯ ಟೇಬಲ್ಲಿನಲ್ಲಿ ಕೂತು ಬಿಸಿಬೇಳೆಬಾತ್ ತಿಂದು, "ಯಾವೂರು ನಿಮ್ದು, ಯಾವ ಕಂಪನಿ" ಎರಡು ಪ್ರಶ್ನೆಗೆ ಉತ್ತರ ಕೊಟ್ಟು ಹೊರಟುಬಿಡುತ್ತಾರೆ. ಮುಂದಿನ ವರ್ಷ ಬರುವುದಿಲ್ಲ. ಅವರ ಕೈಗೆ ತಟ್ಟೆ ಕೊಟ್ಟೆವೇ ಹೊರತು ಕೆಲಸ ಕೊಡಲಿಲ್ಲ.

ಒಟ್ಟಿಗೆ ಹಾಡುವುದು ಇಲ್ಲದೆ ಹೋದಾಗ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಹಾಡಿನ ತಂಡ ಅಭ್ಯಾಸಕ್ಕೆ ಸೇರಿತ್ತು. 61 ಜನರಲ್ಲಿ 50ಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತು, ಇಬ್ಬರು ತೀರಿಕೊಂಡರು. ಆಮೇಲೆ ಎಲ್ಲ ಕಡೆ ಬಾಗಿಲು ಮುಚ್ಚಿತು. ನಾವು ಜೂಮಿನಲ್ಲಿ ಹಾಡಿದೆವು. ದನಿ ಹಿಂದೆ ಮುಂದೆ ಆಗುವುದರಿಂದ ಎಲ್ಲರೂ ಮ್ಯೂಟ್. ಪರದೆಯಲ್ಲಿ ಮೂವತ್ತೈದು ಜನ ಬಾಯಿ ಆಡಿಸುತ್ತಿದ್ದರು, ಸೌಂಡ್ ಇಲ್ಲ. ನಮ್ಮ ಮೇಷ್ಟ್ರು ನೋಡಿದ್ದರೆ ಖುಷಿಪಡುತ್ತಿದ್ದರು. ಮತ್ತೆ ಹಾಲಿಗೆ ಸೇರಿದ ದಿನ ಡ್ರೈವರ್ ಅಜ್ಜ ಮೊದಲ ಸ್ವರಕ್ಕೇ ಅತ್ತುಬಿಟ್ಟರು, ಆಮೇಲೆ ಧೂಳು ಧೂಳು ಅಂತ ಕಣ್ಣು ಉಜ್ಜಿಕೊಂಡರು.

ಹೋದ ವಸಂತದಲ್ಲಿ ಆ ಗುಂಪಿಗೆ ನಾನು ಒಂದು ಕನ್ನಡ ಪದ ಕಲಿಸಿದೆ, ಮಳೆರಾಯನನ್ನು ಕರೆಯುವ ಹಳ್ಳಿಯ ಪದ. 'ಳ' ಯಾರ ನಾಲಿಗೆಗೂ ಹತ್ತಲಿಲ್ಲ, ಮಳೆ 'ಮಲೆ' ಆಯಿತು. ಇರಲಿ, ನಮ್ಮ ಯಾರ್ಕ್‌ಷೈರಿನಲ್ಲಿ ಎರಡಕ್ಕೂ ಕೊರತೆ ಇಲ್ಲ. ಅರ್ಥ ಹೇಳಿದಾಗ ಒಬ್ಬ ಟೆನರ್ ಕೈ ಎತ್ತಿ, "ಮಳೆಯನ್ನು ವಾಪಸ್ ಕಳಿಸುವ ಹಾಡು ನಿಮ್ಮಲ್ಲಿ ಇಲ್ಲವಾ?" ಅಂದ. ಹುಡುಕುತ್ತಿದ್ದೇನೆ. ಗೊತ್ತಿದ್ದವರು ತಿಳಿಸಿ.

ವಿಷಯಕ್ಕೆ ಬರುತ್ತೇನೆ. ಜನವರಿಯ ಎರಡನೇ ಭಾನುವಾರದಿಂದ, ಮಧ್ಯಾಹ್ನ ಮೂರು ಗಂಟೆಗೆ, ಕನ್ನಡ ಶಾಲೆ ನಡೆಯುವ ಹಾಲಿನಲ್ಲೇ ನಮ್ಮದೊಂದು ಮೇಳ ಶುರು ಮಾಡುತ್ತಿದ್ದೇವೆ. ಆಡಿಷನ್ ಇಲ್ಲ, ಸ್ಪರ್ಧೆ ಇಲ್ಲ. ಮೊದಲ ಮೂರು ತಿಂಗಳು ಯಾರೂ ವಿಡಿಯೊ ತೆಗೆದು ವಾಟ್ಸಾಪಿಗೆ ಹಾಕುವಂತಿಲ್ಲ, ಇದಕ್ಕೆ ಮಾತ್ರ ದಂಡ ಇದೆ. ಹಾಡಿಸುವವಳು ನನ್ನ ಹೆಂಡತಿ. ಕೆಳಗಿನ ದನಿಯವರನ್ನು ಮಂಗಳೂರಿನ ಹಿರಿಯರು ನೋಡಿಕೊಳ್ಳುತ್ತಾರೆ, ಮೊಣಕೈ ಸಮೇತ. ಮೊದಲ ಪಾಠ ನಾಡಗೀತೆ, ಅನಂತಸ್ವಾಮಿ ಧಾಟಿಯಲ್ಲಿ, ಗಡಿಯಾರ ಇಟ್ಟುಕೊಂಡು. ಅಶ್ವತ್ಥ್ ಧಾಟಿ ಬೇಕು ಅನ್ನುವ ನಾಲ್ವರಿಗೆ ಟೀ ಹೊತ್ತಿನಲ್ಲಿ ಅವಕಾಶ ಉಂಟು, ನಾನೂ ಸೇರಿಕೊಳ್ಳುತ್ತೇನೆ.

ಡಿಕಾಕ್ಷನ್ ನಾನು ತರುತ್ತೇನೆ. ಚಕ್ಕುಲಿ ಯಾರಾದರೂ ತನ್ನಿ, ಆದರೆ ಹಾಡು ಮುಗಿಯುವ ತನಕ ಡಬ್ಬಿ ತೆಗೆಯಬೇಡಿ. ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಬಚ್ಚಿಟ್ಟುಕೊಳ್ಳಬಹುದು ಅಂದುಕೊಂಡರೆ ಆಗುವುದಿಲ್ಲ, ಕರುಂ ಕುರುಂ ಮೊದಲ ಸಾಲಿಗೂ ಕೇಳುತ್ತದೆ. ನಾನು ಮಾಡಿ ನೋಡಿದ್ದೇನೆ.

— ಸಂಪಾದಕ