ಬ್ಯಾಂಕಾಕ್‌ನ ‘ಶುದ್ಧ ಸಸ್ಯಾಹಾರಿ’ ಜಪಾನಿ ಊಟದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ನಮ್ಮ ಥಾಯ್ಲೆಂಡ್ ಪ್ರವಾಸ ಏರ್ಪಡಿಸಿದ ಸಂಸ್ಥೆ, ಬೆಂಗಳೂರು

ವಿಷಯ: ಸಸ್ಯಾಹಾರಿ ಎಂದು ಹಣ ಪಡೆದು ಮೀನಿನ ಸಾರು ಬಡಿಸಿದ್ದು ಮತ್ತು ‘ತೆರಿಗೆ ಸೇರಿ’ ಎಂದ ಊಟಕ್ಕೆ ಮತ್ತೆ ಹಣ ಕೊಡಬೇಕಾಗಿ ಬಂದದ್ದು

ಮಾನ್ಯರೇ,

ನಿಮ್ಮ ಪ್ಯಾಕೇಜಿನಲ್ಲಿ ನಾವು ಹೆಚ್ಚಿಗೆ ದುಡ್ಡು ಕೊಟ್ಟು ಸೇರಿಸಿಕೊಂಡಿದ್ದು ಒಂದೇ: ಸುಖುಮ್ವಿಟ್ ರಸ್ತೆ ಕಡೆಯ ಹೋಟೆಲೊಂದರಲ್ಲಿ ಜಪಾನಿ ರಾತ್ರಿ ಊಟ. ವೋಚರಿನಲ್ಲಿ ‘ಶುದ್ಧ ಸಸ್ಯಾಹಾರಿ ಸೆಟ್, ಎಲ್ಲ ತೆರಿಗೆ ಸೇರಿ’ ಎಂದು ಬರೆದಿದೆ. ಎರಡೂ ಸುಳ್ಳು.

ನಮ್ಮ ಅತ್ತೆ, ಮಾವ ಮೀನು, ಮೊಟ್ಟೆ ಮುಟ್ಟುವವರಲ್ಲ. ಇದನ್ನು ಬುಕ್ ಮಾಡುವಾಗ ಫೋನಿನಲ್ಲಿ ಹೇಳಿದ್ದೆ. ವಾಟ್ಸಾಪ್‌ನಲ್ಲೂ ಬರೆದು ಹಾಕಿದ್ದೆ. ‘ಪ್ಯೂರ್ ವೆಜ್ ಮೇಡಂ, ಚಿಂತೆ ಬೇಡ’ ಎಂಬ ನಿಮ್ಮವರ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ. ಅದರ ಚಿತ್ರವನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ.

ಅಂದು ಮೇಜಿಗೆ ಬಂದದ್ದು ಮಿಸೊ (ಹುದುಗಿಸಿದ ಸೋಯಾ) ಸೂಪ್, ಅಗೆದಾಶಿ ತೋಫು ಎಂಬ ಕರಿದ ಸೋಯಾ ಪನೀರ್, ಬಜ್ಜಿಯಂತೆ ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ತೆಂಪುರ ಮತ್ತು ಅನ್ನದ ಜೊತೆ ಸುತ್ತಿದ ಸೌತೆಕಾಯಿ ಸುಶಿ. ನೋಡುವುದಕ್ಕೆ ಎಲ್ಲವೂ ತರಕಾರಿಯೇ. ಆದರೆ ಸೂಪಿನ ಬಟ್ಟಲು ಹತ್ತಿರ ತಂದ ಕೂಡಲೇ ನನಗೆ ಗೊತ್ತಾಯಿತು. ನಾನು ಮಂಗಳೂರಿನವಳು, ತವರಿನಲ್ಲಿ ಮೀನು ತಿಂದು ಬೆಳೆದವಳು. ಒಣಮೀನಿನ ವಾಸನೆಯನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಮಾವ ಅಷ್ಟರಲ್ಲಿ ಎರಡು ಗುಟುಕು ಕುಡಿದಾಗಿತ್ತು.

ಕೇಳಿದಾಗ ಅಡುಗೆಯವರೇ ಹೊರಗೆ ಬಂದು ಮುಚ್ಚಿಡದೆ ಹೇಳಿದರು. ಸೂಪಿಗೆ ಹಾಕಿದ್ದು ದಾಶಿ. ಕೊಂಬು ಎಂಬ ಕಡಲಕಳೆ ಮತ್ತು ಕತ್ಸುಒಬುಶಿ ಸೇರಿಸಿ ತೆಗೆದ ತಿಳಿಸಾರು. ಕತ್ಸುಒಬುಶಿ ಅಂದರೆ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ತೆಳ್ಳಗೆ ಹೆರೆದದ್ದು. ತೋಫುವಿನ ಮೇಲೆ ಸುರಿದದ್ದರಲ್ಲೂ, ತೆಂಪುರ ಅದ್ದಿಕೊಳ್ಳುವ ಸಾರಿನಲ್ಲೂ ಅದೇ ದಾಶಿ. ತೆಂಪುರದ ಹಿಟ್ಟಿನಲ್ಲಿ ಮೊಟ್ಟೆ ಬೇರೆ. ಕೊನೆಗೆ ಅತ್ತೆ, ಮಾವ ತಿಂದದ್ದು ಸೌತೆಕಾಯಿ ಸುಶಿ ಮತ್ತು ಬರೀ ಅನ್ನ.

ಹೋಟೆಲಿನವರ ಮೇಲೆ ನನ್ನ ದೂರಿಲ್ಲ. ನಿಮ್ಮಿಂದ ಅವರಿಗೆ ಹೋಗಿದ್ದ ಸಂದೇಶವನ್ನು ತೋರಿಸಿದರು. ಅದರಲ್ಲಿ ‘ಮಾಂಸ ಬೇಡ’ ಎಂದಷ್ಟೇ ಇತ್ತು. ಮೀನಿನ ಮಾತಿಲ್ಲ, ಮೊಟ್ಟೆಯ ಮಾತಿಲ್ಲ. ಹಿಂದಿನ ದಿನವೇ ಹೇಳಿದ್ದರೆ ಕೊಂಬು ಮತ್ತು ಒಣ ಶಿಟಾಕೆ ಅಣಬೆ ನೆನೆಸಿಟ್ಟು ಬೇರೆ ಸಾರು ಮಾಡುತ್ತಿದ್ದೆವು ಎಂದರು. ಇದೇನು ಅವರು ಹೊಸದಾಗಿ ಕಂಡುಹಿಡಿಯಬೇಕಾದ ಅಡುಗೆಯಲ್ಲ. ಜಪಾನಿನ ಬೌದ್ಧ ದೇವಾಲಯಗಳ ಶೋಜಿನ್ ರ್ಯೋರಿ ಊಟದಲ್ಲಿ ಮೀನು, ಮಾಂಸ ಇರುವುದೇ ಇಲ್ಲ. ಅದೇ ಸುಖುಮ್ವಿಟ್ ರಸ್ತೆಯಲ್ಲಿ ಪ್ರೋಮ್ ಪೋಂಗ್‌ನಿಂದ ಥೋಂಗ್ ಲೋ ಬಡಾವಣೆಯವರೆಗೆ ಜಪಾನಿ ಹೋಟೆಲುಗಳಿಗೆ ಬರವಿಲ್ಲ. ಅದೂ ಆಗದಿದ್ದರೆ ಥಾಯ್ ಜನರ ‘ಜೇ’ ಊಟವಿದೆ. ಅದರಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ‘ಜೇ’ ಊಟ ಸಿಗುವ ಕಡೆ ಹಾಕಿರುವ ಹಳದಿ ಬಾವುಟದ ಮೇಲಿನ ಕೆಂಪು ಅಕ್ಷರ ನೋಡಿಕೊಂಡು ಹೋದರೆ ಸಾಕು. ಕರ್ನಾಟಕದಿಂದ ಜನರನ್ನು ಕರೆದೊಯ್ಯುವ ನಿಮಗೆ ಇಷ್ಟೂ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ?

ನಿಮ್ಮ ಗೈಡ್ ಹೇಳಿದ ಮಾತು ಇದು: ‘ಮೀನಿನ ನೀರಷ್ಟೇ ಅಲ್ವಾ ಮೇಡಂ, ಪೀಸ್ ಇಲ್ವಲ್ಲ!’ ಮಾವನ ಎದುರಿಗೇ ಹೇಳಿದರು.

ಇನ್ನು ಬಿಲ್ಲಿನ ವಿಷಯ. ಬ್ಯಾಂಕಾಕ್‌ನ ಇಂಥ ಹಲವು ಹೋಟೆಲುಗಳಲ್ಲಿ ಮೆನುವಿನ ದರದ ಮೇಲೆ ಶೇ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇ 7 ವ್ಯಾಟ್ ಬೀಳುತ್ತದೆ. ಸಾವಿರ ಬಾತ್ (ಥಾಯ್ ಹಣ) ದರದ ಊಟ 1,177 ಬಾತ್ ಆಗುತ್ತದೆ. ನೀವು ಕಟ್ಟಿದ್ದು ಮೆನು ದರ ಮಾತ್ರ. ಉಳಿದದ್ದನ್ನು ನಾವೇ ಕೊಟ್ಟೆವು. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ.

ಊರಿಗೆ ಬಂದು ಫೋನ್ ಮಾಡಿದರೆ ಮುಂದಿನ ಪ್ರವಾಸಕ್ಕೆ ಕೂಪನ್ ಕೊಡುತ್ತೇವೆ ಎನ್ನುತ್ತೀರಿ. ಅದು ಬೇಡ. ಅತ್ತೆ, ಮಾವ ಇಬ್ಬರ ಊಟದ ಪೂರ್ತಿ ಹಣ ಮತ್ತು ನಾವು ಮೇಲೆ ಕೊಟ್ಟ ಸೇವಾ ಶುಲ್ಕ, ತೆರಿಗೆಯ ಹಣ ನನ್ನ ಖಾತೆಗೆ ವಾಪಸ್ ಬರಬೇಕು. ಮಾವನವರಿಗೆ ಲಿಖಿತ ಕ್ಷಮಾಪಣೆ ಬರಬೇಕು. ದಾಶಿಯ ಬಗ್ಗೆ ಅಡುಗೆಮನೆಯವರ ಹತ್ತಿರ ಕೇಳಿ ಬರಹದಲ್ಲಿ ಪಡೆಯುವವರೆಗೆ ಆ ‘ಶುದ್ಧ ಸಸ್ಯಾಹಾರಿ’ ಸಾಲನ್ನು ನಿಮ್ಮ ಜಾಹೀರಾತಿನಿಂದ ತೆಗೆಯಿರಿ. ಇಂದೂ ಅದು ಹಾಗೇ ಇದೆ.

ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದ್ದರೂ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನಿರುವ ಮೈಸೂರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು.

ಇಂತಿ,
ನಿಮ್ಮ ಗ್ರಾಹಕಿ, ಮೈಸೂರು

ಲಗತ್ತು: ವೋಚರ್, ವಾಟ್ಸಾಪ್ ಸಂದೇಶದ ಚಿತ್ರ, ಹೋಟೆಲ್ ಬಿಲ್